ಎಂಬತ್ತನಾಲ್ಕು ಸ್ಪ್ರಿಂಗು

ಹೊಳೆ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ರಾಚಯ್ಯಜ್ಜ ಅನ್ನುವ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಅಂತಲೇ ಕರೆಯುತ್ತಿದ್ದರು. ಅವರಿಗೆ ಕಲ್ಮೇಶ ಅಂತ ಒಬ್ಬ ಶಿಷ್ಯ.

ಮೊದಲೇ ಹೇಳಿಬಿಡುತ್ತೇನೆ, ಈ ಕಥೆ ಕೇಳಿದವರಿಗೆಲ್ಲ ಕಲ್ಮೇಶನ ಮೇಲೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ನನಗೂ ಬಂದಿದೆ. ಆದರೆ ಅವನು ಸೋಮಾರಿಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಕೆಲಸ ಚೆನ್ನಾಗಿ ಮಾಡಬೇಕು ಅನ್ನುವ ಹಟ ಅವನಿಗೆ. ಅಂಥವರ ಜೊತೆ ಏಗುವುದು ಎಷ್ಟು ಕಷ್ಟ ಅನ್ನುವುದು ಏಗಿದವರಿಗೇ ಗೊತ್ತು.

ಮಠದಲ್ಲಿ ನಿಂಬಕ್ಕ ಅಂತ ಒಬ್ಬ ಹಿರಿಯರಿದ್ದರು. ವಯಸ್ಸು ಎಪ್ಪತ್ತನಾಲ್ಕು. ಹಿಂದೆ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಕಣ್ಣು ಹೋಗಿ ಹನ್ನೆರಡು ವರ್ಷವಾಗಿತ್ತು. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ.

ರಾಚಯ್ಯಜ್ಜರಿಗೂ ಗುರುಗಳಾಗಿದ್ದ ದೊಡ್ಡಜ್ಜಾರು, ತಾವು ಬದುಕಿರುವ ತನಕ ತಮ್ಮ ಮಾತನ್ನು ಯಾರೂ ಬರೆದುಕೊಳ್ಳಬಾರದು ಅಂತ ಕಟ್ಟಪ್ಪಣೆ ಮಾಡಿದ್ದರು. ಕೊನೆಗಾಲದಲ್ಲಿ ಏನನ್ನಿಸಿತೋ ಏನೋ, “ಬೇಕಾದ್ರ ಬರಕೋರಿ” ಅಂದು ಕಣ್ಣು ಮುಚ್ಚಿದರು. ಅಷ್ಟು ಹೊತ್ತಿಗೆ ಕೇಳಿದವರಲ್ಲಿ ಅರ್ಧ ಜನ ತೀರಿಹೋಗಿದ್ದರು, ಇನ್ನರ್ಧ ಜನ ಮರೆತಿದ್ದರು. ಹತ್ತೊಂಬತ್ತು ವರ್ಷ ಅವರ ಎದುರು ಕೂತು ಕೇಳಿದ ನಿಂಬಕ್ಕನ ತಲೆಯಲ್ಲಿ ಮಾತ್ರ ಅದೆಲ್ಲ ಉಳಿದಿತ್ತು.

ಅದನ್ನು ಅವರು ಎರಡು ವರ್ಷದಿಂದ ಟೈಪ್ ಮಾಡುತ್ತಿದ್ದರು. ನಾನೂರು ಪುಟ ಆಗಿತ್ತು. ಇನ್ನೂ ಎಷ್ಟು ಬಾಕಿ ಅಂತ ಕೇಳಿದರೆ, “ಬಂದಷ್ಟು” ಅನ್ನುತ್ತಿದ್ದರು.

“ಅಕ್ಕಾರ, ನೀವು ಬಾಯಿಲೆ ಹೇಳ್ರಿ, ನಾ ಬರಕೋತೀನಿ” ಅಂತ ಕಲ್ಮೇಶ ಒಮ್ಮೆ ಕೇಳಿ ನೋಡಿದ್ದ.

“ಬಾಯಿಗೆ ಬರಂಗಿಲ್ಲ ತಮ್ಮಾ. ಬೆರಳು ಓಡಿದ್ರ ಮಾತು ಬರ್ತದ. ನಾ ಏನ್ ಮಾಡ್ಲಿ?”

ಅವರ ಕೀಬೋರ್ಡು ಹಳೇ ಕಾಲದ್ದು. ಇಟ್ಟಿಗೆಯ ಹಾಗೆ ಭಾರ. ಎಂಬತ್ತನಾಲ್ಕು ಕೀ. ಒಂದೊಂದು ಕೀಯ ಕೆಳಗೂ ಒಂದೊಂದು ಪುಟ್ಟ ಸ್ವಿಚ್ಚು, ಅದರೊಳಗೆ ಒಂದು ಸ್ಪ್ರಿಂಗು. ಒತ್ತಿದರೆ ಟಕ್ ಅನ್ನುತ್ತಿತ್ತು. ಹದಿನೈದು ವರ್ಷದಿಂದ ಮಠದ ಪತ್ರವೆಲ್ಲ ಅವರು ಅದರಲ್ಲೇ ಟೈಪ್ ಮಾಡುತ್ತಿದ್ದರು. ಹೊಸ ತರದ್ದು ಒಂದನ್ನು ತಂದುಕೊಟ್ಟರೆ ಹಪ್ಪಳದ ಮೇಲೆ ಬೆರಳಿಟ್ಟ ಹಾಗಾಗ್ತದೆ ಅಂತ ವಾಪಸ್ಸು ಕೊಟ್ಟಿದ್ದರು.

ಆ ಹಳೇ ಕೀಬೋರ್ಡಿನ ಸ್ಪ್ರಿಂಗುಗಳು ಸೋತವು. ಒತ್ತಿದ ಕೀ ಮೇಲೇಳದೆ ಅಲ್ಲೇ ಕೂತುಬಿಡುತ್ತಿತ್ತು. ದಿನಾ ಸಂಜೆ ನಿಂಬಕ್ಕ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಕಲ್ಮೇಶನ ಕೆಲಸ. ಒಂದು ಸಂಜೆ ‘ಗುರು’ ಅನ್ನುವ ಕಡೆ ಹದಿನಾಲ್ಕು ಗಕಾರ ಇತ್ತು. ಓದುವುದಾದರೂ ಹೇಗೆ?

ಅಜ್ಜಾರು ಅವನನ್ನು ಕರೆದರು.

“ನೀ ರೇಡಿಯೋ ರಿಪೇರಿ ಕಲತಾಂವ. ಇದಕ್ಕ ಹೊಸ ಸ್ಪ್ರಿಂಗ್ ಹಾಕು.”

“ಆಗ್ಲಿರಿ ಅಜ್ಜಾರ.”

“ಎಷ್ಟು ದಿನ ಬೇಕು?”

“ನಾಕ ದಿನ ಸಾಕ್ರಿ.”

ನಲವತ್ತಮೂರು ದಿನ ಹಿಡಿಯಿತು.

ಮೊದಲ ದಿನವೇ ಕಲ್ಮೇಶ ಕೀಗಳನ್ನೆಲ್ಲ ಕಿತ್ತ. ಚಿಮಟದಿಂದ ಸ್ವಿಚ್ಚಿನ ಮುಚ್ಚಳ ಎಬ್ಬಿಸಿ ಎಂಬತ್ತನಾಲ್ಕು ಹಳೇ ಸ್ಪ್ರಿಂಗನ್ನೂ ತೆಗೆದ. ಕೈಗೆ ಸಿಕ್ಕ ಖಾಲಿ ಪೇಡೆ ಡಬ್ಬಿಯಲ್ಲಿ ಸುರಿದ. ಅಂಚೆಯಲ್ಲಿ ಐದು ತರದ ಹೊಸ ಸ್ಪ್ರಿಂಗು ತರಿಸಿದ.

ಅಲ್ಲಿಗೆ ಹಾಕಿ ಮುಗಿಸಬಹುದಿತ್ತು. ಆದರೆ ಹೊಸ ಸ್ಪ್ರಿಂಗುಗಳನ್ನು ಒತ್ತಿ ನೋಡಿದರೆ ಒಂದಕ್ಕೊಂದು ಸರಿ ಬರಲಿಲ್ಲ. ಒಂದೇ ಪೊಟ್ಟಣದ ಎರಡು ಸ್ಪ್ರಿಂಗು, ಒಂದು ಸ್ವಲ್ಪ ಬಿರುಸು, ಒಂದು ಸ್ವಲ್ಪ ಸಡಿಲು. ಅವನಿಗೆ ತಲೆ ಚಿಟ್ಟು ಹಿಡಿಯಿತು.

ಊರಿಗೆ ಹೋಗಿ ಪತ್ತಾರರ ಅಂಗಡಿಯಿಂದ ಬಂಗಾರ ತೂಗುವ ಸಣ್ಣ ಸಣ್ಣ ಬಟ್ಟುಗಳ ಪೆಟ್ಟಿಗೆಯನ್ನು ಎರವಲು ತಂದ. ಒಂದು ಸ್ವಿಚ್ಚನ್ನು ಹಲಗೆಗೆ ಬಿಗಿದ. ಅದರೊಳಗೆ ಸ್ಪ್ರಿಂಗು ಹಾಕುವುದು, ಮೇಲೆ ಒಂದೊಂದೇ ಬಟ್ಟು ಇಡುವುದು, ಯಾವ ತೂಕಕ್ಕೆ ಟಕ್ ಅನ್ನುತ್ತದೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಅರವತ್ತೆರಡು ಗ್ರಾಂ ಬಂದರೆ ಒಳಗೆ, ಅರವತ್ತಮೂರು ಬಂದರೆ ಹೊರಗೆ. ಸ್ಪ್ರಿಂಗು ಸಾಲದೆ ಮತ್ತೆ ಅಂಚೆಗೆ ಬರೆದ. ಅವು ಬರಲು ಹತ್ತು ದಿನ.

ಅಜ್ಜಾರು ದಿನಾ ಬೆಳಿಗ್ಗೆ ಹೊಳೆಗೆ ಹೋಗುವಾಗ ಅವನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಆತೇನೋ?”

“ಇಲ್ರಿ ಅಜ್ಜಾರ. ಒಂದು ಗ್ರಾಂ ಹೆಚ್ಚು ಕಡಿಮಿ ಬರಾಕತ್ತದ.”

“ಬಂದ್ರ ಏನಾಗ್ತದ?”

“ಸರಿ ಇರಂಗಿಲ್ರಿ.”

ಅಜ್ಜಾರು ಹೊಳೆಯ ಕಡೆ ನಡೆಯುತ್ತಿದ್ದರು. ಮರುದಿನ ಮತ್ತೆ ಅದೇ ಬಾಗಿಲು, ಅದೇ “ಆತೇನೋ”, ಅದೇ ಒಂದು ಗ್ರಾಂ. ನನ್ನನ್ನು ಕೇಳಿದರೆ, ಮೂವತ್ತು ದಿನ ಇದನ್ನು ಕೇಳಿಯೂ ಕೋಲು ಹಿಡಿಯದವರಿಗೆ ಗುರು ಅನ್ನಲೇಬೇಕು.

ನಿಂಬಕ್ಕನೂ ಒಂದು ದಿನ ಗೋಡೆ ಹಿಡಿದುಕೊಂಡು ಬಂದರು.

“ಒಂದೀಟು ಕೈ ಆಡಿಸಿ ನೋಡ್ಲೇನು ತಮ್ಮಾ?”

“ಈಗ ಬ್ಯಾಡ್ರಿ ಅಕ್ಕಾರ. ಪೂರ್ತಿ ಆಗ್ಲಿ.”

ಇದಕ್ಕೊಂದು ಕಾರಣವಿತ್ತು. ಅವನಿಗೆ ರೇಡಿಯೋ ರಿಪೇರಿ ಕಲಿಸಿದ ಉಸ್ತಾದರ ಅಂಗಡಿಯಲ್ಲಿ ಒಂದು ಕಟ್ಟಳೆ. ಕೆಲಸ ಮುಗಿದು ಮುಚ್ಚಳಕ್ಕೆ ಸ್ಕ್ರೂ ಬೀಳುವ ತನಕ ಗಿರಾಕಿ ಸಾಮಾನು ಮುಟ್ಟುವ ಹಾಗಿಲ್ಲ. ಅರ್ಧ ಕೆಲಸವನ್ನು ತೋರಿಸುವುದು ಮರ್ಯಾದೆಗೇಡು. ಕಲ್ಮೇಶ ಅಂಗಡಿ ಬಿಟ್ಟು ಮಠಕ್ಕೆ ಬಂದಿದ್ದ, ಕಟ್ಟಳೆಯನ್ನು ಬಿಟ್ಟು ಬಂದಿರಲಿಲ್ಲ.

ನಿಂಬಕ್ಕ ಹೋಗಿ ಪಡಸಾಲೆಯಲ್ಲಿ ಕೂತರು. ಮುಂದೊಂದು ಮಣೆ ಇಟ್ಟುಕೊಂಡು ಅದರ ಮೇಲೆ ಹತ್ತೂ ಬೆರಳು ಆಡಿಸಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಅಲ್ಲಿಂದಲೇ ಹೇಳಿದರು.

“ನಿನ್ನೆ ಒಂದು ಮಾತು ಬಂದಿತ್ತು ತಮ್ಮಾ. ದೊಡ್ಡಜ್ಜಾರು ಬಾವಿ ಕಟ್ಟಿ ಮ್ಯಾಲೆ ಕುಂತು ಹೇಳಿದ್ದು. ‘ತೊಳೆದ ಕೈ’ ಅಂತ ಸುರು ಆಗ್ತಿತ್ತು. ಮುಂದ ಏನಿತ್ತು, ಹೋತು.”

ಕಲ್ಮೇಶನ ಕೈಯಲ್ಲಿದ್ದ ಬಟ್ಟು ಅಲ್ಲೇ ನಿಂತಿತು. ಪಾಪ ಅನ್ನಿಸಿತು. ಬೇಗ ಮುಗಿಸಬೇಕು ಅಂದುಕೊಂಡ. ಬೇಗ ಮುಗಿಸಬೇಕು ಅಂತಲೇ ಮುಂದಿನ ಸ್ಪ್ರಿಂಗುಗಳನ್ನು ಮೂರು ಮೂರು ಸಲ ತೂಗಿದ. ಇವನಿಗೆ ಏನು ಹೇಳುವುದು ಹೇಳಿ.

ಅದೇ ಮಧ್ಯಾಹ್ನ ಅಜ್ಜಾರು ಬಂದು ಅವನ ಪಕ್ಕದಲ್ಲಿ ಕೂತರು. ಒಂದು ತಾಸು ಬಾಯಿ ಬಿಡದೆ ನೋಡಿದರು. ಬಟ್ಟು ಇಡುವುದು, ಟಕ್. ಬರೆಯುವುದು. ಬಟ್ಟು ಇಡುವುದು, ಟಕ್. ಬರೆಯುವುದು.

“ಕಲ್ಮೇಶ, ಈ ಸ್ಪ್ರಿಂಗ್ ಯಾರಿಗೆ?”

“ನಿಂಬಕ್ಕಾರಿಗ್ರಿ.”

“ಹೌದಾ. ನಾ ಪತ್ತಾರನ ಬಟ್ಟಿಗೆ ಅಂತ ತಿಳಕೊಂಡಿದ್ದೆ.”

ಇಷ್ಟು ಹೇಳಿ ಎದ್ದು ಹೋದರು.

ಕಲ್ಮೇಶನಿಗೆ ರೇಗಿಹೋಯಿತು. ನೆಟ್ಟಗೆ ಒಂದು ಮಾತು ಹೇಳಬಾರದೇ ಇವರು? ಬೈಯುವುದಿದ್ದರೆ ಬೈಯಲಿ, ಹೊಗಳುವುದಿದ್ದರೆ ಹೊಗಳಲಿ. ದಿನವಿಡೀ ಬೆನ್ನು ಬಗ್ಗಿಸಿ ದುಡಿಯುವವನ ಮುಂದೆ ಬಂದು ಒಗಟು ಒಗೆದು ಹೋಗುವುದು ಯಾವ ನ್ಯಾಯ? ಹಲ್ಲು ಕಚ್ಚಿಕೊಂಡು ಮತ್ತೆ ಬಟ್ಟು ಇಟ್ಟ.

ನಲವತ್ತಮೂರನೆಯ ದಿನ ಕೆಲಸ ಮುಗಿಯಿತು. ಎಂಬತ್ತನಾಲ್ಕು ಸ್ಪ್ರಿಂಗು, ಎಂಬತ್ತನಾಲ್ಕಕ್ಕೂ ಅರವತ್ತೆರಡು ಗ್ರಾಂ. ಮುಚ್ಚಳಕ್ಕೆ ಸ್ಕ್ರೂ ಬಿಗಿದ. ಒರೆಸಿ ಫಳಫಳ ಮಾಡಿದ. ನಿಂಬಕ್ಕನ ಮೇಜಿನ ಮೇಲೆ ಇಟ್ಟು, ಕಂಪ್ಯೂಟರ್ ಹಚ್ಚಿ, ಅಜ್ಜಾರನ್ನೂ ಕರೆದ.

ನಿಂಬಕ್ಕ ಕೂತರು. ಕೀಬೋರ್ಡಿಗೆ ಕೈ ಮುಗಿದು ಬೆರಳಿಟ್ಟರು.

ಟಕ್ ಟಕ್ ಟಕ್. ಶಬ್ದ ಒಂದೇ ಸಮ ಬಂತು. ಕಲ್ಮೇಶನ ಮುಖ ಅರಳಿತು.

ಒಂದು ಸಾಲಿಗೆ ನಿಂಬಕ್ಕ ನಿಧಾನವಾದರು. ಎರಡನೆಯ ಸಾಲಿನಲ್ಲಿ ತಡವರಿಸಿದರು. ಕಿರುಬೆರಳು ಬೀಳುವ ಕಡೆ ಅಕ್ಷರ ಬೀಳಲಿಲ್ಲ. ತೋರುಬೆರಳು ಬೀಳುವ ಕಡೆ ಎರಡೆರಡು ಬಿತ್ತು. ನಿಲ್ಲಿಸಿದರು. ಬೆರಳುಗಳನ್ನು ಮಡಚಿ ಬಿಡಿಸಿದರು. ಮತ್ತೆ ಶುರು ಮಾಡಿದರು. ಮತ್ತೆ ನಿಂತರು.

“ಯಾವ ಕೀ ತೊಂದ್ರಿ ಕೊಡ್ತದ್ರಿ ಅಕ್ಕಾರ?”

“ಯಾವುದೂ ಇಲ್ಲಪ್ಪ. ಎಲ್ಲಾ ಚಲೋ ಅದಾವ. ಭಾಳ ಚಲೋ ಮಾಡೀದಿ.” ನಿಂಬಕ್ಕ ಎದ್ದು ನಿಂತರು. “ನನ್ನ ಕೈ ಸೋತಾವ. ಮಾತು ಬರವಲ್ದು. ಇರ್ಲಿ ಬಿಡು, ನಾನೂರು ಪುಟ ಆತಲ್ಲ. ದೊಡ್ಡಜ್ಜಾರ ಇಚ್ಛಾ ಇಷ್ಟ ಇದ್ದೀತು.”

ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಕಲ್ಮೇಶನಿಗೆ ಅಳಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ನೋಟ್‌ಬುಕ್ಕನ್ನು ಅಜ್ಜಾರ ಮುಂದೆ ಹಿಡಿದ.

“ನೋಡ್ರಿ ಅಜ್ಜಾರ. ಒಂದೊಂದೂ ಮೂರು ಮೂರು ಸಲ ತೂಗೀನಿ. ಒಂದೂ ತಪ್ಪಿಲ್ರಿ.”

“ಹಂಗಾದ್ರ ತಪ್ಪು ನಿಂಬಕ್ಕಂದು.”

ಕಲ್ಮೇಶ ನೋಟ್‌ಬುಕ್ಕನ್ನು ಕೆಳಗಿಳಿಸಿದ.

“ಸುಮ್ನ ಯಾಕ ನಿಂತಿ? ಎಲ್ಲಾ ಬರದಿದೀಯಲ್ಲ, ಇದನ್ನೂ ಬರಿ. ‘ನಿಂಬಕ್ಕನ ಬೆರಳು ತಪ್ಪು’ ಅಂತ ಬರಿ.”

ಕಲ್ಮೇಶ ಪೆನ್ನು ಹಿಡಿದ. ಕೈ ಓಡಲಿಲ್ಲ. ಹಿಡಿದ ಪೆನ್ನು ಹಿಡಿದ ಹಾಗೇ ನಿಂತಿದ್ದ.

ಅಜ್ಜಾರು ಕೇಳಿದರು. “ಹಳೇ ಸ್ಪ್ರಿಂಗ್ ಎಲ್ಲೆದಾವ?”

ಪೇಡೆ ಡಬ್ಬಿ ತಂದ.

“ತೂಗು.”

ತೂಗಿದ. ಒಂದು ನಲವತ್ತೊಂದು ಗ್ರಾಂ. ಇನ್ನೊಂದು ಅರವತ್ತಾರು. ಮತ್ತೊಂದು ಐವತ್ತಮೂರು. ಮುಂದಿನದು ನಲವತ್ತೆಂಟು. ಪೂರ್ತಿ ಸತ್ತುಹೋದ ಒಂದಿಷ್ಟನ್ನು ಬಿಟ್ಟರೆ ಉಳಿದವೆಲ್ಲ ಒಂದೊಂದು ತರ. ಹದಿನೈದು ವರ್ಷ ಅದೇ ಹತ್ತು ಬೆರಳಿನ ಕೆಳಗೆ ಬಿದ್ದು ಎದ್ದು, ಒಂದೊಂದೂ ತನ್ನ ಬೆರಳಿಗೆ ಹೊಂದಿಕೊಂಡಿತ್ತು. ಕಿರುಬೆರಳಿಗೆ ಹಗುರಾದದ್ದು, ತೋರುಬೆರಳಿಗೆ ಬಿರುಸಾದದ್ದು, ಎಡಗೈಗೆ ಒಂದು ಬಗೆ, ಬಲಗೈಗೆ ಇನ್ನೊಂದು ಬಗೆ. ಕಲ್ಮೇಶ ನಲವತ್ತಮೂರು ದಿನ ಒದ್ದಾಡಿ ಆ ಎಲ್ಲ ಬೆರಳುಗಳಿಗೂ ಒಂದೇ ಅಳತೆಯ ಚಪ್ಪಲಿ ಹೊಲಿದುಕೊಟ್ಟಿದ್ದ.

“ಈಗ ತಿಳೀತ್ರಿ ಅಜ್ಜಾರ” ಅಂದ. ದನಿ ಸಣ್ಣದಾಗಿತ್ತು. “ಹಳೇವನ್ನ ಅವುಗಳ ಜಾಗಕ್ಕ ತಿರುಗಿ ಹಾಕ್ತೀನಿ. ಸತ್ತವಷ್ಟು ಹೊಸಾವು.”

“ಹಾಕು. ಯಾವುದು ಯಾವ ಕೀದು?”

ಕಲ್ಮೇಶ ಡಬ್ಬಿಯೊಳಗೆ ನೋಡಿದ. ಎಲ್ಲವನ್ನೂ ಒಟ್ಟಿಗೆ ಸುರಿದವನು ಅವನೇ. ಒಂದು ಚೀಟಿಯಿಲ್ಲ, ಒಂದು ಗುರುತಿಲ್ಲ. ಹೊಸದರದ್ದು ಮುನ್ನೂರು ಲೆಕ್ಕ ಬರೆದವನು ಹಳೆಯದರದ್ದು ಒಂದಕ್ಷರ ಬರೆದಿರಲಿಲ್ಲ. ತನ್ನ ತಲೆಗೆ ತಾನೇ ಹೊಡೆದುಕೊಂಡ.

“ಈಗ ಏನ್ ಮಾಡ್ಲಿರಿ?”

ಅಜ್ಜಾರು ಬಟ್ಟುಗಳ ಪೆಟ್ಟಿಗೆಯನ್ನು ಮುಚ್ಚಿದರು. ಹೆಗಲ ಮೇಲಿನ ವಸ್ತ್ರದಲ್ಲಿ ಅದನ್ನು ಗಂಟು ಕಟ್ಟಿಕೊಂಡು ಎದ್ದರು.

“ಎಲ್ಲಿಗ್ರಿ ಅಜ್ಜಾರ?”

“ಪತ್ತಾರಗ ಕೊಟ್ಟು ಬರ್ತೀನಿ. ಅವನ ಸಾಮಾನು ಅವಂಗ.”

“ಬಟ್ಟು ಇಲ್ದ ನಾ ಹ್ಯಾಂಗ ಪರೀಕ್ಷೆ ಮಾಡ್ಲಿರಿ?”

ಅಜ್ಜಾರು ಆಗಲೇ ಅಂಗಳ ದಾಟಿದ್ದರು. ಕೇಳಿಸಿತೋ, ಕೇಳಿಸದವರ ಹಾಗೆ ನಡೆದರೋ, ಅವರಿಗೇ ಗೊತ್ತು.

ಕಲ್ಮೇಶ ಬಹಳ ಹೊತ್ತು ಅಲ್ಲೇ ಕೂತ. ಆಮೇಲೆ ಕೀಬೋರ್ಡಿನ ಸ್ಕ್ರೂ ಬಿಚ್ಚಿದ. ಮುಚ್ಚಳ ತೆಗೆದು, ಅರೆಬರೆ ಕೀಬೋರ್ಡನ್ನು ಹೊತ್ತುಕೊಂಡು ನಿಂಬಕ್ಕನ ಕೋಣೆಗೆ ಹೋದ. ಅವನ ಜನ್ಮದಲ್ಲಿ ಅರ್ಧ ಕೆಲಸವನ್ನು ಇನ್ನೊಬ್ಬರ ಮುಂದೆ ಇಟ್ಟದ್ದು ಅದೇ ಮೊದಲು.

“ಅಕ್ಕಾರ, ನಿಮ್ಮ ಕೈ ಸೋತಿಲ್ರಿ. ತಪ್ಪು ನಂದು. ಹಳೇ ಸ್ಪ್ರಿಂಗೆಲ್ಲ ಕಲಸಿ ಹಾಕೀನಿ. ಯಾವುದು ಎಲ್ಲಿತ್ತು ಅಂತ ನೀವ ಹೇಳಬೇಕು.”

ನಿಂಬಕ್ಕ ದನಿ ಬಂದ ಕಡೆ ಮುಖ ತಿರುಗಿಸಿದರು.

“ಆವತ್ತು ನನಗ ಮುಟ್ಟಾಕ ಕೊಟ್ಟಿದ್ರ ಆಗ್ತಿತ್ತಲ್ಲೋ ತಮ್ಮಾ.”

“ಹೌದ್ರಿ.”

“ನನ್ನ ಕೈಗೆ ಏನೋ ಆತು ಅಂತ ಒಳಗ ಬಂದು ಅತ್ತೆ, ಗೊತ್ತದೇನು?”

ಕಲ್ಮೇಶ ತಲೆ ತಗ್ಗಿಸಿದ.

“ಆತು, ತಾ ಇಲ್ಲೆ” ಅಂದರು ನಿಂಬಕ್ಕ.

ಒಂದು ಕೀಗೆ ಒಂದು ಸ್ಪ್ರಿಂಗು ಹಾಕಿ ಒತ್ತಿ ನೋಡಿ ಅಂದ. ಒತ್ತಿದರು. ತಿಳಿಯಲಿಲ್ಲ. ಇನ್ನೊಂದು ಹಾಕಿದ. ಅದೂ ತಿಳಿಯಲಿಲ್ಲ.

“ಒಂದೊಂದ ಒತ್ತಿದ್ರ ನನಗೇನ ತಿಳೀತದ? ಎಲ್ಲಾ ಹಾಕು. ಮಾತು ಓಡಬೇಕು. ಓಡುವಾಗ ಎಲ್ಲೆ ಎಡವತದೋ ಅಲ್ಲೆ ನೋಡ್ಕೋ.”

ಕಲ್ಮೇಶ ಕಂಪ್ಯೂಟರನ್ನೂ ಆ ಕೋಣೆಗೇ ತಂದು ಹಚ್ಚಿದ. ಅಲ್ಲಿಂದ ಶುರುವಾಯಿತು ಪಜೀತಿ.

ನಿಂಬಕ್ಕ ಟೈಪ್ ಮಾಡುವರು. ಎಡವಿದಲ್ಲಿ ಕಲ್ಮೇಶ “ನಿಂದರ್ರಿ” ಅನ್ನುವನು. ಕೀ ಕಿತ್ತು, ಸ್ಪ್ರಿಂಗು ತೆಗೆದು, ಇನ್ನೊಂದು ಹಾಕುವನು. ಸ್ಪ್ರಿಂಗು ಚಿಮಟದಿಂದ ಹಾರಿ ಮಂಚದ ಕೆಳಗೆ ಹೋಗುವುದು. ಅವನು ಅಯಸ್ಕಾಂತ ಹಿಡಿದುಕೊಂಡು ಮಂಚದ ಕೆಳಗೆ ಹೋಗುವನು. ಅವನು ಹೊರಗೆ ಬರುವಷ್ಟರಲ್ಲಿ ಅವರು ಮುಂದಿನ ಸಾಲು ಶುರು ಮಾಡಿರುವರು.

“ಅಕ್ಕಾರ, ನಾ ಇನ್ನೂ ಹಾಕಿಲ್ರಿ.”

“ನೀ ಹಾಕೋ ಮಟ ಮಾತು ಕಾಯ್ತದೇನು?”

ಅದೂ ಹೋಗಲಿ. ಬೆಳಿಗ್ಗೆ ಬಿರುಸು ಅಂದ ಸ್ಪ್ರಿಂಗನ್ನು ಸಂಜೆ ಸಡಿಲು ಅನ್ನುತ್ತಿದ್ದರು.

“ಅದ ಸ್ಪ್ರಿಂಗ್‌ರಿ ಅಕ್ಕಾರ. ನಾ ಮುಟ್ಟೇ ಇಲ್ಲ.”

“ಬೆಳಿಗ್ಗೆ ಕೈ ಥಂಡಿ ಇತ್ತು.”

“ಈಗ?”

“ಈಗ ಬೆಚ್ಚಗದಾವ.”

ಇಂಥವರಿಗೆ ನೋಟ್‌ಬುಕ್ಕಿನಲ್ಲಿ ಯಾವ ಅಂಕಿ ಬರೆಯುವುದು? ಕಲ್ಮೇಶ ಎರಡು ದಿನ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ, ಮತ್ತೆ ಹೊಡೆದು ಹಾಕಿದ. ಮೂರನೆಯ ದಿನ ನೋಟ್‌ಬುಕ್ಕನ್ನು ಮನಸ್ಸಿಲ್ಲದ ಮನಸ್ಸಿನಿಂದ ಪಕ್ಕಕ್ಕಿಟ್ಟ.

ನಾಲ್ಕನೆಯ ದಿನ ಹಳೇ ಪುಟವೊಂದನ್ನು ನೆನಪಿನಿಂದ ಮತ್ತೆ ಟೈಪ್ ಮಾಡುತ್ತಿದ್ದ ನಿಂಬಕ್ಕ ಎಡವಿದರು. ಕಲ್ಮೇಶ “ನಿಂದರ್ರಿ” ಅಂದ. ಅವರು ನಿಲ್ಲಲಿಲ್ಲ. ಕೇಳಿಸಿದ ಹಾಗೂ ಇರಲಿಲ್ಲ. ಬೆರಳು ಓಡುತ್ತಲೇ ಇತ್ತು. ಅವನು ಚಿಮಟ ಹಿಡಿದು ಕಾಯುತ್ತ ಕೂತ. ಸುಮಾರು ಒಂದು ಪುಟ ಆದಮೇಲೆ ಕೈ ತೆಗೆದರು.

“ಓದಪ್ಪಾ.”

ಓದಿದ. ನಾನೂರು ಪುಟದಲ್ಲಿ ಎಲ್ಲೂ ಇಲ್ಲದ ಮಾತು. ‘ನಾಳೆಯಿಂದ ಸಾಧನೆಗೆ ಬರ್ತೀನಿ’ ಅಂದ ಒಬ್ಬನಿಗೆ ದೊಡ್ಡಜ್ಜಾರು, ‘ಬಾ, ಬರೂವಾಗ ಇವತ್ತಿನ ಕಾಲು ತಗೊಂಡು ಬಾ’ ಅಂದಿದ್ದರಂತೆ.

ನಿಂಬಕ್ಕ ನಕ್ಕರು. ಕಣ್ಣೊರೆಸಿಕೊಂಡರು. ಕಲ್ಮೇಶನೂ ನಕ್ಕ. ಮೂರು ಕಡೆ ಅಕ್ಷರ ತಪ್ಪಿತ್ತು, ಒಂದು ಕಡೆ ಎರಡು ಸಲ ಬಿದ್ದಿತ್ತು. ಅವನು ಅದನ್ನು ಹೇಳಲಿಲ್ಲ, ತಾನೇ ತಿದ್ದಿದ.

ಹಾಗೇ ಮೂರು ತಿಂಗಳು ಹೋಯಿತು. ಬಾವಿ ಕಟ್ಟೆಯ ಆ ‘ತೊಳೆದ ಕೈ’ ಮಾತು ಮಾತ್ರ ಬರಲೇ ಇಲ್ಲ. ಬರುವುದೂ ಇಲ್ಲ. ಅದರ ಸಂಕಟ ಕಲ್ಮೇಶನಿಗೆ ಇವತ್ತಿಗೂ ಇದೆ.

ಒಂದು ಬೆಳಿಗ್ಗೆ ಅವನು ಹೊಳೆ ದಂಡೆಗೆ ಹೋದ. ಅಜ್ಜಾರು ಸ್ನಾನ ಮುಗಿಸಿ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದರು.

“ಅಜ್ಜಾರ, ನನಗ ಸಾಕಾಗಿ ಹೋತ್ರಿ.”

“ಏನಾತು?”

“ಮೊನ್ನೆ ಎರಡು ಸ್ಪ್ರಿಂಗ್ ಬದಲಿ ಮಾಡಿದೆ. ನಿನ್ನೆ ಮೂರು. ಇವತ್ತ ಎದ್ದ ಕೂಡ್ಲೆ ‘ಪ’ ಬಿರಸಾಗೇದ ಅಂತಾರ. ಎಂಬತ್ತನಾಲ್ಕರಾಗ ಒಂದನ್ನಾದ್ರೂ ‘ಸರಿ ಅದ’ ಅಂತ ಬಿಡಾಕ ಆಗಿಲ್ಲ. ಮುಚ್ಚಳಕ್ಕ ಇನ್ನೂ ಸ್ಕ್ರೂ ಹಾಕಿಲ್ರಿ. ಈ ಪರೀಕ್ಷೆ ಮುಗಿಯೂಹಂಗ ಕಾಣವಲ್ದು.”

ಅಜ್ಜಾರು ಬಟ್ಟೆಯನ್ನು ಒಮ್ಮೆ ಝಾಡಿಸಿದರು.

“ಪುಟ ಎಷ್ಟಾದ್ವು?”

“ಅರವತ್ತೆಂಟ್ರಿ.”

“ಎಲ್ಲಾ ಹೊಸಾವ?”

“ಎಲ್ಲಾ ಹೊಸಾವ್ರಿ. ಆದ್ರ ಕೀಬೋರ್ಡ್ ಮುಗಿದಿಲ್ಲಲ್ರಿ.”

ಅಜ್ಜಾರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.

“ಹಂಗಾದ್ರ ಮುಗಿಸಬ್ಯಾಡ.”